ನಕಲಿ ಚೆಕ್ ನಂಬಿ ದುಡ್ಡು ಕಳೆದುಕೊಂಡಿರಾ? ಅಮೆರಿಕದಲ್ಲಿ ನಿಮಗಿರುವ ಕಾನೂನಿನ ದಾರಿಗಳು

ಹೋದ ವಾರ ಖಾತೆಗೆ ಹಾಕಿದ ಚೆಕ್ ಇವತ್ತು ವಾಪಸ್ ಬಂದಿದೆ. ಅದನ್ನು ನಂಬಿ ನೀವು ಬೇರೆಯವರಿಗೆ ಕಳಿಸಿದ ದುಡ್ಡು ಹೋಗಿಯಾಗಿದೆ. ಬ್ಯಾಂಕಿನ ಆ್ಯಪ್‌ನಲ್ಲಿ ಬ್ಯಾಲೆನ್ಸ್ ಮೈನಸ್ ತೋರಿಸುತ್ತಿದೆ. ಕೈಕಾಲು ತಣ್ಣಗಾಗುವ ಹೊತ್ತು ಅದು. ಮನೆಯವರಿಗೆ ಹೇಳೋಣವೆಂದರೆ ನಾಚಿಕೆ, ಬ್ಯಾಂಕಿಗೆ ಹೋಗೋಣವೆಂದರೆ ಭಯ. ಅಂಥ ಹೊತ್ತಿನಲ್ಲಿರುವವರಿಗಾಗಿ ಇದನ್ನು ಬರೆದಿದ್ದೇನೆ, ಅದರಲ್ಲೂ ಅಮೆರಿಕದಲ್ಲಿ ಓದುತ್ತಿರುವ, ದುಡಿಯುತ್ತಿರುವ ಕನ್ನಡಿಗರಿಗಾಗಿ.

ಮೊದಲು ನಾಚಿಕೆ ಬಿಡಿ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ಅಂದರೆ ಎಫ್‌ಟಿಸಿಗೆ, 2019ರ ಒಂದೇ ವರ್ಷದಲ್ಲಿ ನಕಲಿ ಚೆಕ್ ಬಗ್ಗೆ 27,000ಕ್ಕೂ ಹೆಚ್ಚು ದೂರು ಬಂದವು. ಒಟ್ಟು ನಷ್ಟ 2.8 ಕೋಟಿ ಡಾಲರ್ ದಾಟಿತ್ತು. ದುಡ್ಡು ಕಳೆದುಕೊಂಡವರಲ್ಲಿ ಅರ್ಧದಷ್ಟು ಜನರ ನಷ್ಟ 1,988 ಡಾಲರ್ ಅಥವಾ ಅದಕ್ಕಿಂತ ಜಾಸ್ತಿ. ಜಾಸ್ತಿ ಸಿಕ್ಕಿಬಿದ್ದವರು ಯಾರು ಗೊತ್ತಾ? ಇಪ್ಪತ್ತರಿಂದ ಮೂವತ್ತರೊಳಗಿನ ಯುವಕ ಯುವತಿಯರು. ಓದಿದವರು, ಫೋನ್ ಚೆನ್ನಾಗಿ ಬಳಸುವವರು. ಚೆಕ್ ಬರೆದು ಅಭ್ಯಾಸವಿಲ್ಲದ ತಲೆಮಾರು ಅದು, ಅಲ್ವಾ? ಚೆಕ್ ಒಳಗೊಳಗೆ ಹೇಗೆ ಪಾಸಾಗುತ್ತದೆ ಅಂತ ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ.

ಅದನ್ನೇ ಮೊದಲು ನೋಡೋಣ. ಇದು ಅರ್ಥವಾಗದಿದ್ದರೆ ಮುಂದಿನ ಕಾನೂನು ಒಂದೂ ಅರ್ಥವಾಗುವುದಿಲ್ಲ.

ದುಡ್ಡು ಕಾಣಿಸಿದ್ದು ನಿಜ, ಚೆಕ್ ಪಾಸಾಗಿದ್ದು ಸುಳ್ಳು

ಒಂದು ಉದಾಹರಣೆ ಇಟ್ಟುಕೊಳ್ಳೋಣ. ನಿಮ್ಮ ಕಾಲೇಜಿನ ಇಮೇಲ್‌ಗೆ ಪಾರ್ಟ್ ಟೈಮ್ ಕೆಲಸದ ಪತ್ರ ಬಂತು. ಕೆಲಸ ಕೊಟ್ಟವರು 2,450 ಡಾಲರಿನ ಕ್ಯಾಶಿಯರ್ಸ್ ಚೆಕ್, ಅಂದರೆ ಬ್ಯಾಂಕೇ ತನ್ನ ಹೆಸರಿನಲ್ಲಿ ಬರೆದುಕೊಡುವ ಚೆಕ್, ಕಳಿಸಿದರು. 450 ನಿಮ್ಮ ಸಂಬಳ, ಉಳಿದ 2,000 ಸಾಮಾನು ಕೊಡುವವನಿಗೆ ಕಳಿಸಿ ಅಂದರು. ಸೋಮವಾರ ನೀವು ಚೆಕ್ ಹಾಕಿದಿರಿ. ಮಂಗಳವಾರ ಆ್ಯಪ್‌ನಲ್ಲಿ ದುಡ್ಡು ಕಾಣಿಸಿತು. ಬುಧವಾರ 2,000 ಕಳಿಸಿದಿರಿ. ಮುಂದಿನ ಮಂಗಳವಾರ ಚೆಕ್ ನಕಲಿ ಅಂತ ವಾಪಸ್ ಬಂತು. ಬ್ಯಾಂಕ್ ಪೂರ್ತಿ 2,450 ನಿಮ್ಮ ಖಾತೆಯಿಂದ ಕಿತ್ತುಕೊಂಡಿತು.

ಮಂಗಳವಾರ ದುಡ್ಡು ಕಾಣಿಸಿದ್ದು ಯಾಕೆ? 1987ರ ಒಂದು ಫೆಡರಲ್ ಕಾನೂನು, ಅದರ ಕೆಳಗಿನ ರೆಗ್ಯುಲೇಶನ್ ಸಿಸಿ ಎಂಬ ನಿಯಮ, ಇವೆರಡೂ ಗ್ರಾಹಕರಿಗೆ ಬೇಗ ದುಡ್ಡು ಕೊಡಿ ಅಂತ ಬ್ಯಾಂಕುಗಳಿಗೆ ಹೇಳುತ್ತವೆ. ಕ್ಯಾಶಿಯರ್ಸ್ ಚೆಕ್, ಸರ್ಕಾರಿ ಚೆಕ್, ಅಂಚೆ ಇಲಾಖೆಯ ಮನಿ ಆರ್ಡರ್ ಇವನ್ನು ಕೌಂಟರಿನಲ್ಲಿ ಕೈಯಾರೆ ಕೊಟ್ಟರೆ ಸಾಮಾನ್ಯವಾಗಿ ಮರುದಿನವೇ ದುಡ್ಡು ಸಿಗಬೇಕು. ಮಾಮೂಲಿ ಚೆಕ್‌ಗಳಲ್ಲೂ ಮೊದಲ 275 ಡಾಲರ್ ಮರುದಿನ ಸಿಗಬೇಕು. ಈ ಮಿತಿ 2025ರ ಜುಲೈವರೆಗೆ 225 ಇತ್ತು. ಇದು ಬ್ಯಾಂಕ್ ನಿಮಗೆ ಮುಂಗಡವಾಗಿ ಕೊಡುವ ದುಡ್ಡು. ಚೆಕ್ ಬರೆದ ಬ್ಯಾಂಕ್ ಇನ್ನೂ ಅದನ್ನು ನೋಡಿಯೇ ಇರುವುದಿಲ್ಲ. ನಕಲಿ ಅಂತ ಗೊತ್ತಾಗಲು ವಾರಗಳೇ ಹಿಡಿಯಬಹುದು. ಮೋಸಗಾರರು ಚೆಕ್ಕಿನ ಕೆಳಗಿರುವ ಒಂಬತ್ತು ಅಂಕಿಯ ರೂಟಿಂಗ್ ನಂಬರನ್ನು ಬೇಕೆಂದೇ ತಪ್ಪಾಗಿ ಅಚ್ಚು ಹಾಕುವುದುಂಟು. ಆಗ ಚೆಕ್ ಬೇರೆ ಬ್ಯಾಂಕಿಗೆ ಹೋಗಿ ಸುತ್ತಾಡಿ ಬರುತ್ತದೆ. ಅವರಿಗೆ ಇನ್ನಷ್ಟು ದಿನ ಸಿಗುತ್ತದೆ.

ಈ ಉದಾಹರಣೆಯ ದಿನಗಳನ್ನು ನೆನಪಿಡಿ. ನಿಮ್ಮ ಕಾನೂನಿನ ಬಲವೆಲ್ಲ ಇರುವುದು ತಾರೀಖುಗಳಲ್ಲಿ. ಯಾವ ದಿನ ಏನಾಯಿತು, ಯಾರು ಏನು ಹೇಳಿದರು, ದುಡ್ಡು ಯಾವ ದಾರಿಯಲ್ಲಿ ಹೋಯಿತು. ಈ ಮೂರಕ್ಕೆ ಕಾಗದದಲ್ಲಿ ಉತ್ತರವಿದ್ದವರಿಗೆ ಮಾತ್ರ ಮುಂದಿನ ಬಾಗಿಲು ತೆರೆಯುತ್ತದೆ.

ಮೊದಲ ಹೆಜ್ಜೆ: ಹೋದ ದುಡ್ಡಿನ ಬೆನ್ನು ಹತ್ತಿ

ವಕೀಲರನ್ನು ಆಮೇಲೆ ಹುಡುಕಬಹುದು. ಮೊದಲ ಕೆಲವು ಗಂಟೆ ದುಡ್ಡು ತಡೆಯುವುದಕ್ಕೇ ಮೀಸಲಿಡಿ. ಫೋನ್ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ. ಅಲ್ಲಿ ನಕಲಿ ಕಸ್ಟಮರ್ ಕೇರ್ ನಂಬರುಗಳು ಜಾಸ್ತಿ. ಕಾರ್ಡಿನ ಹಿಂದೆ, ರಸೀದಿಯ ಮೇಲೆ, ಆ್ಯಪ್ ಒಳಗೆ ಇರುವ ನಂಬರಿಗೇ ಕರೆ ಮಾಡಿ.

ಬ್ಯಾಂಕ್ ವೈರ್ ಮಾಡಿದ್ದರೆ, ಅಂದರೆ ಬ್ಯಾಂಕಿನಿಂದ ಬ್ಯಾಂಕಿಗೆ ನೇರವಾಗಿ ದುಡ್ಡು ಕಳಿಸಿದ್ದರೆ, ಬ್ಯಾಂಕಿನ ಫ್ರಾಡ್ ವಿಭಾಗಕ್ಕೆ ಕರೆ ಮಾಡಿ ವೈರ್ ರೀಕಾಲ್ (ಕಳಿಸಿದ್ದನ್ನು ವಾಪಸ್ ಕರೆಸುವುದು) ಮಾಡಿ ಅಂತ ಅದೇ ಪದ ಬಳಸಿ ಕೇಳಿ. ಅದೇ ದಿನ ಎಫ್‌ಬಿಐನ ಐಸಿ3 ಎಂಬ ಇಂಟರ್ನೆಟ್ ಅಪರಾಧಗಳ ಜಾಲತಾಣದಲ್ಲಿ ದೂರು ತುಂಬಿ. ಬ್ಯಾಂಕುಗಳ ಜೊತೆ ಮಾತಾಡಿ ಹೋಗುತ್ತಿರುವ ದುಡ್ಡನ್ನು ತಡೆಹಿಡಿಸುವ ಒಂದು ತಂಡ 2018ರಿಂದ ಅಲ್ಲಿದೆ. ಮೊದಲ ಎರಡು ಮೂರು ದಿನ ಕಳೆದರೆ ಅವರ ಕೈಗೂ ಸಿಗುವುದು ಕಷ್ಟ.

ಅಮೆರಿಕದಿಂದ ಹೊರದೇಶಕ್ಕೆ ರೆಮಿಟೆನ್ಸ್ ಕಂಪನಿಯ ಮೂಲಕ ಕಳಿಸಿದ್ದರೆ ಇನ್ನೊಂದು ಹಕ್ಕಿದೆ, ಜಾಸ್ತಿ ಜನಕ್ಕೆ ಗೊತ್ತಿಲ್ಲ. ದುಡ್ಡು ಕಟ್ಟಿದ 30 ನಿಮಿಷದೊಳಗೆ, ಆ ಕಡೆಯವರು ಇನ್ನೂ ತೆಗೆದುಕೊಂಡಿಲ್ಲದಿದ್ದರೆ, ಅದನ್ನು ರದ್ದು ಮಾಡಿ ಪೂರ್ತಿ ವಾಪಸ್ ಪಡೆಯಬಹುದು. ಇದು ಫೆಡರಲ್ ನಿಯಮ. ಕಂಪನಿ ಇಲ್ಲ ಅನ್ನುವಂತಿಲ್ಲ. 30 ನಿಮಿಷ ದಾಟಿದ್ದರೂ ಕೇಳಿ ನೋಡಿ, ದುಡ್ಡು ಇನ್ನೂ ಅಲ್ಲೇ ಕೂತಿರಬಹುದು.

ಝೆಲ್, ವೆನ್ಮೊ ಥರದ ಆ್ಯಪ್‌ನಲ್ಲಿ ಕಳಿಸಿದ್ದರೆ ದಾರಿ ಕಿರಿದು. ನೀವೇ ಬಟನ್ ಒತ್ತಿ ಕಳಿಸಿದ್ದಕ್ಕೆ ಎಲೆಕ್ಟ್ರಾನಿಕ್ ಫಂಡ್ ಟ್ರಾನ್ಸ್‌ಫರ್ ಕಾಯ್ದೆಯ ರಕ್ಷಣೆ ಸಾಮಾನ್ಯವಾಗಿ ಸಿಗುವುದಿಲ್ಲ. ಆದರೆ ಒಂದು ಪ್ರಶ್ನೆ ಕೇಳಿಕೊಳ್ಳಿ. ಬಟನ್ ಒತ್ತಿದ್ದು ನೀವಾ, ಅಥವಾ ನಿಮ್ಮಿಂದ ಮೋಸದಿಂದ ಪಾಸ್‌ವರ್ಡ್ ಇಲ್ಲವೇ ಒಟಿಪಿ ಪಡೆದ ಅವನಾ? ಅವನೇ ಒತ್ತಿದ್ದರೆ ಅದು ನಿಮ್ಮ ಒಪ್ಪಿಗೆಯಿಲ್ಲದ ವ್ಯವಹಾರ. ಗ್ರಾಹಕರ ಹಣಕಾಸು ರಕ್ಷಣೆಯ ಸಂಸ್ಥೆ ಸಿಎಫ್‌ಪಿಬಿ 2021ರಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಅಂಥದ್ದನ್ನು ಗೊತ್ತಾದ ಎರಡು ಕೆಲಸದ ದಿನದೊಳಗೆ ತಿಳಿಸಿದರೆ ನಿಮ್ಮ ಹೊಣೆ 50 ಡಾಲರ್ ಮೀರುವುದಿಲ್ಲ. ತಡಮಾಡಿದರೆ 500ರವರೆಗೆ ಹೋಗಬಹುದು. ಸ್ಟೇಟ್‌ಮೆಂಟ್ ಬಂದ 60 ದಿನವಾದರೂ ಸುಮ್ಮನಿದ್ದರೆ ಆಮೇಲೆ ಆಗುವ ನಷ್ಟಕ್ಕೆ ಮಿತಿಯೇ ಇರುವುದಿಲ್ಲ. ಹಾಗೆಯೇ, ಝೆಲ್ ಜಾಲದ ಬ್ಯಾಂಕುಗಳು 2023ರಿಂದ ಕೆಲವು ವೇಷದ ಮೋಸಗಳಿಗೆ ದುಡ್ಡು ವಾಪಸ್ ಕೊಡುತ್ತಿವೆ. ನಾನು ಬ್ಯಾಂಕಿನವನು, ಸರ್ಕಾರದವನು ಅಂತ ನಂಬಿಸಿ ಕಳಿಸಿಕೊಂಡದ್ದು ಅಂಥದ್ದು. ನಿಮ್ಮ ಕಥೆಯಲ್ಲಿ ಅದು ಇದ್ದರೆ ಬಿಡದೆ ಹೇಳಿ.

ಗಿಫ್ಟ್ ಕಾರ್ಡ್ ಕೊಂಡು ನಂಬರ್ ಕೊಟ್ಟಿದ್ದರೆ ಕಾರ್ಡನ್ನೂ ರಸೀದಿಯನ್ನೂ ಎಸೆಯಬೇಡಿ. ಕಾರ್ಡ್ ಕಂಪನಿಗೆ ಕರೆ ಮಾಡಿ, ಉಳಿದ ದುಡ್ಡು ತಡೆಯಿರಿ, ವಾಪಸ್ ಕೊಡಿ ಅಂತ ಕೇಳಿ. ನಗದು ಅಥವಾ ಮನಿ ಆರ್ಡರನ್ನು ಅಂಚೆಯಲ್ಲಿ ಕಳಿಸಿದ್ದರೆ ಅಂಚೆ ತನಿಖಾ ಇಲಾಖೆಗೆ 1-877-876-2455ಕ್ಕೆ ಕರೆ ಮಾಡಿ, ಪಾರ್ಸೆಲ್ ದಾರಿಯಲ್ಲೇ ತಡೆಯಲು ಕೇಳಿ. ಕ್ರಿಪ್ಟೊದಲ್ಲಿ ಕಳಿಸಿದ್ದರೆ ವಾಪಸ್ ಬರುವುದು ಅಪರೂಪ. ಆದರೂ ಎಕ್ಸ್‌ಚೇಂಜ್‌ಗೆ ತಿಳಿಸಿ, ವಾಲೆಟ್ ವಿಳಾಸವನ್ನು ಐಸಿ3 ದೂರಿನಲ್ಲಿ ಬರೆಯಿರಿ.

ಇನ್ನೂ ದುಡ್ಡು ಕಳಿಸಿಲ್ಲ, ಚೆಕ್ ಮಾತ್ರ ಹಾಕಿದ್ದೀರಿ ಅಂದರೆ ನಿಮ್ಮ ಅದೃಷ್ಟ. ಇವತ್ತೇ ಬ್ಯಾಂಕಿಗೆ ಹೇಳಿ. ಆ ದುಡ್ಡನ್ನು ಒಂದು ಸೆಂಟೂ ಮುಟ್ಟಬೇಡಿ. ಎರಡನೇ ಚೆಕ್ ಬಂದರೆ ಖಂಡಿತ ಹಾಕಬೇಡಿ. ಮೊದಲನೆಯದು ವಾಪಸ್ ಬಂದಮೇಲೆ ಎರಡನೆಯದನ್ನು ಹಾಕಿದರೆ ನೀವು ಗೊತ್ತಿದ್ದೇ ಹಾಕಿದಿರಿ ಅಂತ ಬ್ಯಾಂಕ್ ಹೇಳುತ್ತದೆ. ಅದನ್ನು ಅಲ್ಲಗಳೆಯುವುದು ಬಹಳ ಕಷ್ಟ.

ಎರಡನೇ ಹೆಜ್ಜೆ: ಸಾಕ್ಷಿ ಕೂಡಿಡಿ, ಬ್ಯಾಂಕಿನಿಂದ ತಾರೀಖು ಕೇಳಿ

ಮೋಸಗಾರನ ಮೆಸೇಜು ನೋಡಿದರೆ ಸಿಟ್ಟು ಬರುತ್ತದೆ, ಅಳಿಸಿಬಿಡೋಣ ಅನ್ನಿಸುತ್ತದೆ. ಅಳಿಸಬೇಡಿ. ನೀವು ಮೋಸ ಮಾಡಿದವರಲ್ಲ, ಮೋಸ ಹೋದವರು ಅಂತ ತೋರಿಸುವುದು ಆ ಮೆಸೇಜುಗಳೇ. ಇಮೇಲ್, ವಾಟ್ಸಾಪ್ ಮಾತು, ಕೆಲಸದ ಪತ್ರ, ಚೆಕ್ಕಿನ ಎರಡೂ ಬದಿಯ ಫೋಟೊ, ಚೆಕ್ ಬಂದ ಲಕೋಟೆ, ಟ್ರ್ಯಾಕಿಂಗ್ ನಂಬರ್, ಡೆಪಾಸಿಟ್ ರಸೀದಿ, ದುಡ್ಡು ಕಳಿಸಿದ ರಸೀದಿ ಎಲ್ಲವನ್ನೂ ಒಂದೇ ಕಡೆ ಇಡಿ. ಲಕೋಟೆ ಮುಖ್ಯ. ಅಂಚೆಯಲ್ಲಿ ಬಂದಿದ್ದರೆ ಅದು ಫೆಡರಲ್ ಅಂಚೆ ವಂಚನೆಯ ಅಪರಾಧ.

ಆಮೇಲೆ ಒಂದು ಹಾಳೆಯಲ್ಲಿ ದಿನದಿನದ ಪಟ್ಟಿ ಬರೆಯಿರಿ. ಬ್ಯಾಂಕಿನಲ್ಲಿ ಯಾರ ಹತ್ತಿರ ಮಾತಾಡಿದಿರಿ, ಅವರು ಯಾವ ಪದ ಬಳಸಿದರು. ದುಡ್ಡು ಬಳಸಲು ಸಿಗುತ್ತದೆ ಅಂದರಾ, ಚೆಕ್ ಕ್ಲಿಯರ್ ಆಗಿದೆ ಅಂದರಾ, ಇದು ಅಸಲಿ ಚೆಕ್, ಧೈರ್ಯವಾಗಿ ಕಳಿಸಿ ಅಂದರಾ. ಈ ಮೂರು ಮಾತಿಗೂ ಕೋರ್ಟಿನಲ್ಲಿ ಬೇರೆ ಬೇರೆ ತೂಕ. ನೆನಪು ಹಸಿಯಾಗಿದ್ದಾಗಲೇ ಬರೆದಿಡಿ.

ಬ್ಯಾಂಕಿಗೆ ಲಿಖಿತವಾಗಿ ಕೇಳಬೇಕಾದದ್ದು ಇಷ್ಟು. ವಾಪಸ್ ಬಂದ ಚೆಕ್ಕಿನ ಎರಡೂ ಬದಿಯ ಪ್ರತಿ. ಅದು ಎದುರು ಬ್ಯಾಂಕಿಗೆ, ಅಂದರೆ ಚೆಕ್ ಯಾವ ಬ್ಯಾಂಕಿನ ಹೆಸರಿನಲ್ಲಿದೆಯೋ ಅದಕ್ಕೆ, ತಲುಪಿದ ದಿನ. ಆ ಬ್ಯಾಂಕ್ ವಾಪಸ್ ಕಳಿಸಿದ ದಿನ, ಕೊಟ್ಟ ಕಾರಣ. ಚೆಕ್ ವಾಪಸ್ ಆಗುತ್ತಿದೆ ಅಂತ ನಿಮ್ಮ ಬ್ಯಾಂಕಿಗೆ ಮೊದಲು ಗೊತ್ತಾದ ದಿನ. ನಿಮಗೆ ತಿಳಿಸಿದ ದಿನ. ನೀವು ಸಹಿ ಮಾಡಿದ ಖಾತೆಯ ಒಪ್ಪಂದ. ಫೋನಿನಲ್ಲಿ ಕೇಳಿದರೆ ಸಾಲದು. ಬ್ಯಾಂಕಿನ ಸೆಕ್ಯೂರ್ ಮೆಸೇಜ್‌ನಲ್ಲಿ ಅಥವಾ ಸರ್ಟಿಫೈಡ್ ಮೇಲ್‌ನಲ್ಲಿ ಕೇಳಿ.

ಅದೇ ಪತ್ರದಲ್ಲಿ ಓವರ್‌ಡ್ರಾಫ್ಟ್ ಶುಲ್ಕ, ಚೆಕ್ ವಾಪಸಾತಿ ಶುಲ್ಕ ಬಿಟ್ಟುಕೊಡಿ ಅಂತಲೂ ಕೇಳಿ. ಕೇಳಿದರೆ ಬಿಡುವುದುಂಟು. ಬಾಕಿಯನ್ನು ಕಂತಿನಲ್ಲಿ ಕಟ್ಟಲು ಅವಕಾಶ ಕೇಳಬಹುದು. ಆದರೆ ಏನಾದರೂ ಕಾಗದಕ್ಕೆ ಸಹಿ ಮಾಡಿ ಅಂದರೆ ನಿಂತು ಓದಿ. ಚೆಕ್ ನಕಲಿ ಅಂತ ನನಗೆ ಗೊತ್ತಿತ್ತು ಅನ್ನುವ ಅರ್ಥ ಬರುವ ಸಾಲಿದ್ದರೆ ಸಹಿ ಬೇಡವೇ ಬೇಡ.

ಸಂಬಳ ಇದೇ ಖಾತೆಗೆ ಬರುತ್ತಿದ್ದರೆ ಇನ್ನೊಂದು ವಿಷಯ. ಮೈನಸ್ ಇರುವ ಖಾತೆಗೆ ಬಂದ ಸಂಬಳವನ್ನು ಬ್ಯಾಂಕ್ ಬಾಕಿಗೆ ಹಿಡಿದುಕೊಳ್ಳಬಹುದು. ಮುಂದಿನ ಸಂಬಳವನ್ನು ಬೇರೆ ಬ್ಯಾಂಕಿನ ಖಾತೆಗೆ ತಿರುಗಿಸುವುದರಲ್ಲಿ ತಪ್ಪಿಲ್ಲ. ಬಾಡಿಗೆ ಕಟ್ಟಬೇಕಲ್ಲ.

ಮೂರನೇ ಹೆಜ್ಜೆ: ದೂರುಗಳು

ಎಫ್‌ಟಿಸಿಯ ರಿಪೋರ್ಟ್‌ಫ್ರಾಡ್ ತಾಣ, ಎಫ್‌ಬಿಐನ ಐಸಿ3, ಅಂಚೆಯಲ್ಲಿ ಬಂದಿದ್ದರೆ ಅಂಚೆ ತನಿಖಾ ಇಲಾಖೆ, ನಿಮ್ಮ ರಾಜ್ಯದ ಅಟಾರ್ನಿ ಜನರಲ್, ಸ್ಥಳೀಯ ಪೊಲೀಸ್. ಪೊಲೀಸ್ ರಿಪೋರ್ಟಿನ ನಂಬರ್ ತೆಗೆದುಕೊಳ್ಳಿ. ಬ್ಯಾಂಕು, ಸಾಲ ವಸೂಲಿಯವರು ಎಲ್ಲರೂ ಮೊದಲು ಅದನ್ನೇ ಕೇಳುತ್ತಾರೆ.

ದೂರು ಕೊಟ್ಟರೆ ಏನು ಬಂತು ಅಂತ ಅನೇಕರು ಸುಮ್ಮನಾಗುತ್ತಾರೆ. ಹಾಗೆ ಮಾಡಬೇಡಿ. ಮೋಸಗಾರರಿಗೆ ದುಡ್ಡು ಸಾಗಿಸಲು ಬಿಟ್ಟರು ಎಂಬ ಕಾರಣಕ್ಕೆ ದುಡ್ಡು ಕಳಿಸುವ ಕಂಪನಿಗಳಾದ ವೆಸ್ಟರ್ನ್ ಯೂನಿಯನ್ 2017ರಲ್ಲಿ 58.6 ಕೋಟಿ ಡಾಲರ್, ಮನಿಗ್ರಾಮ್ 2018ರಲ್ಲಿ 12.5 ಕೋಟಿ ಡಾಲರ್ ಕೊಡಲು ಒಪ್ಪಿದವು. ಆ ದುಡ್ಡು ಮೋಸ ಹೋದವರಿಗೆ ಹಂಚಲು ಬಂದಾಗ, ಮೊದಲೇ ದೂರು ಕೊಟ್ಟವರ ಹೆಸರು ಪಟ್ಟಿಯಲ್ಲಿತ್ತು. ಸುಮ್ಮನಿದ್ದವರು ತಾವೇ ಹುಡುಕಿಕೊಂಡು ಹೋಗಬೇಕಾಯಿತು.

ಬ್ಯಾಂಕ್ ಸರಿಯಾಗಿ ಉತ್ತರಿಸದಿದ್ದರೆ ಸಿಎಫ್‌ಪಿಬಿಗೆ ದೂರು ಹಾಕಿ. ಬ್ಯಾಂಕ್ ಸಾಮಾನ್ಯವಾಗಿ 15 ದಿನದೊಳಗೆ ಉತ್ತರಿಸಬೇಕು, ಜಾಸ್ತಿ ಅಂದರೆ 60 ದಿನ. ನ್ಯಾಷನಲ್ ಬ್ಯಾಂಕ್ ಆಗಿದ್ದರೆ ಒಸಿಸಿ, ಕ್ರೆಡಿಟ್ ಯೂನಿಯನ್ ಆಗಿದ್ದರೆ ಎನ್‌ಸಿಯುಎ ಅದರ ಮೇಲ್ವಿಚಾರಕರು. ಇವರು ನಿಮ್ಮ ಪರ ತೀರ್ಪು ಕೊಡುವ ಕೋರ್ಟ್ ಅಲ್ಲ. ಆದರೆ ಶಾಖೆಯಲ್ಲಿ ಸಿಗದ ತಾರೀಖುಗಳು ಇವರಿಗೆ ಬರುವ ಉತ್ತರದಲ್ಲಿ ಸಿಗುವುದುಂಟು. ನನ್ನ ಪ್ರಕಾರ ಈ ದೂರಿನ ದೊಡ್ಡ ಲಾಭವೇ ಅದು.

ಮೋಸಗಾರನಿಗೆ ಸೋಶಿಯಲ್ ಸೆಕ್ಯುರಿಟಿ ನಂಬರ್ ಕೊಟ್ಟಿದ್ದರೆ ಐಡೆಂಟಿಟಿಥೆಫ್ಟ್ ಡಾಟ್ ಗವ್ ತಾಣದಲ್ಲಿ ಹೆಸರು ದಾಖಲಿಸಿ. ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಎಂಬ ಸಾಲದ ದಾಖಲೆ ಇಡುವ ಮೂರೂ ಕಂಪನಿಗಳಲ್ಲಿ ಕ್ರೆಡಿಟ್ ಫ್ರೀಜ್ ಮಾಡಿ, ಅಂದರೆ ನಿಮ್ಮ ಹೆಸರಿನಲ್ಲಿ ಬೇರೆಯವರು ಸಾಲ ತೆಗೆಯದಂತೆ ತಡೆ ಹಾಕಿ. 2018ರಿಂದ ಇದು ಉಚಿತ.

ಬ್ಯಾಂಕಿನ ಮೇಲೆ ಕೇಸು ನಿಲ್ಲುತ್ತದಾ?

ಎಲ್ಲರೂ ಕೇಳುವ ಪ್ರಶ್ನೆ ಇದು. ನೇರವಾಗಿ ಹೇಳುತ್ತೇನೆ: ಸಾಮಾನ್ಯವಾಗಿ ಕಷ್ಟ, ಆದರೆ ಬಾಗಿಲು ಪೂರ್ತಿ ಮುಚ್ಚಿಲ್ಲ.

ಚೆಕ್ಕಿನ ವ್ಯವಹಾರಕ್ಕೆ ಅಮೆರಿಕದ ರಾಜ್ಯಗಳೆಲ್ಲ ಯೂನಿಫಾರ್ಮ್ ಕಮರ್ಷಿಯಲ್ ಕೋಡ್ ಎಂಬ ಕಾನೂನನ್ನು ಸಣ್ಣಪುಟ್ಟ ಬದಲಾವಣೆಯೊಂದಿಗೆ ಅನುಸರಿಸುತ್ತವೆ. ನ್ಯೂಯಾರ್ಕಿನಲ್ಲಿ ಚೆಕ್ಕಿಗೆ ಸಂಬಂಧಿಸಿದ ಭಾಗದ ಹಳೆಯ ರೂಪವೇ ಇದೆ. ಈ ಕೋಡಿನ 4-214ನೇ ಸೆಕ್ಷನ್ ಪ್ರಕಾರ, ಚೆಕ್ ಕೊನೆಗೆ ಪಾಸಾಗದಿದ್ದರೆ ನಿಮಗೆ ಕೊಟ್ಟ ಮುಂಗಡವನ್ನು ಬ್ಯಾಂಕ್ ವಾಪಸ್ ಹಿಡಿದುಕೊಳ್ಳಬಹುದು. ನೀವು ಅದನ್ನು ಖರ್ಚು ಮಾಡಿದ್ದರೂ ಸರಿ, ಬ್ಯಾಂಕ್ ಅಜಾಗರೂಕವಾಗಿದ್ದರೂ ಸರಿ, ಹಿಡಿದುಕೊಳ್ಳುವ ಹಕ್ಕು ಹೋಗುವುದಿಲ್ಲ. ಚೆಕ್ಕಿನ ಹಿಂದೆ ನೀವು ಹಾಕಿದ ಸಹಿಯೂ ಒಂದು ಭರವಸೆಯೇ.

ಆದರೆ ಅದೇ ಸೆಕ್ಷನ್ನಿನಲ್ಲಿ ಬ್ಯಾಂಕಿಗೂ ಒಂದು ಕರ್ತವ್ಯವಿದೆ. ಚೆಕ್ ವಾಪಸ್ ಆಗುತ್ತಿದೆ ಅಂತ ಗೊತ್ತಾದ ಮೇಲೆ ಮರುದಿನದ ಮಧ್ಯರಾತ್ರಿಯೊಳಗೆ, ಇಲ್ಲವೇ ಆ ಸಂದರ್ಭಕ್ಕೆ ತಕ್ಕ ಸಮಯದೊಳಗೆ, ನಿಮಗೆ ತಿಳಿಸಬೇಕು. ತಿಳಿಸುವುದು ತಡವಾಗಿ, ಆ ತಡದಿಂದಲೇ ನಿಮಗೆ ನಷ್ಟವಾಗಿದ್ದರೆ ಆ ನಷ್ಟಕ್ಕೆ ಬ್ಯಾಂಕ್ ಹೊಣೆ. ನಮ್ಮ ಉದಾಹರಣೆಗೆ ಬನ್ನಿ. ಬುಧವಾರ ನೀವು ದುಡ್ಡು ಕಳಿಸಿದಿರಿ, ಮುಂದಿನ ಮಂಗಳವಾರ ಬ್ಯಾಂಕಿಗೆ ಗೊತ್ತಾಯಿತು. ಇಲ್ಲಿ ತಡದಿಂದ ಆದ ನಷ್ಟ ಏನೂ ಇಲ್ಲ. ಈಗ ತಾರೀಖು ಬದಲಿಸಿ. ಬ್ಯಾಂಕಿಗೆ ಸೋಮವಾರ ಗೊತ್ತಾಯಿತು, ನಿಮಗೆ ಹೇಳಿದ್ದು ಶುಕ್ರವಾರ, ನೀವು ದುಡ್ಡು ಕಳಿಸಿದ್ದು ನಡುವಿನ ಗುರುವಾರ. ಸೋಮವಾರವೋ ಮಂಗಳವಾರವೋ ಹೇಳಿದ್ದರೆ ನೀವು ಕಳಿಸುತ್ತಲೇ ಇರಲಿಲ್ಲ. ಈಗ ನಿಮ್ಮ ಕೈಯಲ್ಲಿ ಒಂದು ವಾದವಿದೆ. ಎರಡನೇ ಹೆಜ್ಜೆಯಲ್ಲಿ ತಾರೀಖು ಕೇಳಿ ಅಂತ ಅಷ್ಟು ಹೇಳಿದ್ದು ಇದಕ್ಕೇ.

ಇನ್ನೊಂದು ಗಡುವು ಎದುರು ಬ್ಯಾಂಕಿಗಿದೆ. ಚೆಕ್ ಯಾವ ಬ್ಯಾಂಕಿನ ಹೆಸರಿನಲ್ಲಿದೆಯೋ ಆ ಬ್ಯಾಂಕ್ ತನಗೆ ಚೆಕ್ ತಲುಪಿದ ಮರುದಿನದ ಮಧ್ಯರಾತ್ರಿಯೊಳಗೆ ಅದನ್ನು ವಾಪಸ್ ಕಳಿಸಬೇಕು. ಆ ಗಡುವು ಮೀರಿದರೆ ಚೆಕ್ಕಿನ ಮೊತ್ತಕ್ಕೆ ಆ ಬ್ಯಾಂಕೇ ಹೊಣೆಯಾಗಬಹುದು. ಆಗ ನಿಮ್ಮ ಖಾತೆಯಿಂದ ಹಿಡಿದದ್ದೇ ತಪ್ಪು ಎಂಬ ಮಾತು ಬರುತ್ತದೆ. ಇದರಲ್ಲಿ ವಿನಾಯಿತಿಗಳಿವೆ. ಚೆಕ್ ತಪ್ಪು ಬ್ಯಾಂಕಿಗೆ ಹೋಗಿದ್ದರೆ ಲೆಕ್ಕ ಬದಲಾಗುತ್ತದೆ. ವಕೀಲರಿಗೆ ತೋರಿಸದೆ ಇದನ್ನು ನಂಬಿ ಕೂರಬೇಡಿ, ಆದರೆ ತೋರಿಸದೆ ಬಿಡಲೂ ಬೇಡಿ.

ಬ್ಯಾಂಕಿನವರು ಆಡಿದ ಮಾತಿನ ಮೇಲೆ ಕೇಸು ಹಾಕಬಹುದಾ? ಎರಡು ತೀರ್ಪು ನೋಡಿ. ನ್ಯೂಯಾರ್ಕಿನ ಒಂದು ವಕೀಲರ ಸಂಸ್ಥೆಯೇ 2007ರಲ್ಲಿ 1,97,750 ಡಾಲರಿನ ನಕಲಿ ಚೆಕ್ ಹಾಕಿ, ಕ್ಲಿಯರ್ ಆಗಿದೆಯಾ ಅಂತ ಎಚ್‌ಎಸ್‌ಬಿಸಿ ಬ್ಯಾಂಕಿನಲ್ಲಿ ಕೇಳಿ, 1,87,750 ಡಾಲರನ್ನು ಹಾಂಗ್‌ಕಾಂಗಿಗೆ ವೈರ್ ಮಾಡಿತು. 2011ರಲ್ಲಿ ಆ ರಾಜ್ಯದ ಅತ್ಯುನ್ನತ ಕೋರ್ಟ್ ವಕೀಲರ ಸಂಸ್ಥೆಯ ವಿರುದ್ಧ ತೀರ್ಪು ಕೊಟ್ಟಿತು. ಕ್ಲಿಯರ್ ಅನ್ನುವ ಮಾತಿಗೆ ಹಲವು ಅರ್ಥವಿದೆ, ಅದನ್ನೇ ನಂಬಿ ದುಡ್ಡು ಕಳಿಸಿದ್ದು ಸರಿಯಲ್ಲ ಅಂದಿತು. ವಕೀಲರಿಗೇ ಹೀಗಾದರೆ ನಮ್ಮ ಪಾಡೇನು ಅನ್ನಿಸುತ್ತದೆ. ಆದರೆ ಮೊಂಟಾನಾ ರಾಜ್ಯದ ಸುಪ್ರೀಂ ಕೋರ್ಟ್ 2006ರಲ್ಲಿ, ವ್ಯಾಲಿ ಬ್ಯಾಂಕ್ ಆಫ್ ರೋನನ್ ಕೇಸಿನಲ್ಲಿ, ಬೇರೆ ಥರ ನೋಡಿತು. ಚೆಕ್ಕನ್ನು ಹೇಗೆ ಸಂಸ್ಕರಿಸಿದರು ಎಂಬುದಕ್ಕೆ ಕೋಡೇ ಉತ್ತರ. ಆದರೆ ವೈರ್ ಮಾಡುವ ಮೊದಲು ಬ್ಯಾಂಕಿನವರು ಗ್ರಾಹಕನಿಗೆ ಕೊಟ್ಟ ತಪ್ಪು ಮಾಹಿತಿಯ ಬಗ್ಗೆ ಬೇರೆಯಾಗಿ ಕೇಸು ನಡೆಯಬಹುದು ಅಂದಿತು.

ನಾನು ಇದರಿಂದ ತಿಳಿದುಕೊಂಡದ್ದು ಇಷ್ಟು. ನಿಮಗೆ ಬರೀ ಕ್ಲಿಯರ್ ಆಗಿದೆ ಅಂತ ಹೇಳಿದ್ದರೆ ಕೇಸು ದುರ್ಬಲ. ನಿಮ್ಮ ಸಂಶಯವನ್ನು ಬಿಡಿಸಿ ಹೇಳಿದ್ದೀರಿ, ಅವರು ಎದುರು ಬ್ಯಾಂಕಿಗೆ ಕರೆ ಮಾಡಿ ವಿಚಾರಿಸಿದ್ದೇವೆ, ಅಸಲಿ, ಕಳಿಸಬಹುದು ಅಂದಿದ್ದಾರೆ, ಅದಕ್ಕೆ ಸಾಕ್ಷಿ ಇದೆ ಅಂದರೆ ಹೋರಾಡಲು ಯೋಗ್ಯ.

ಇಂಥ ಕೇಸಿಗೆ ಕೋಡಿನ ಪ್ರಕಾರ ಸಾಮಾನ್ಯವಾಗಿ ಮೂರು ವರ್ಷದ ಗಡುವು. ರಾಜ್ಯದಿಂದ ರಾಜ್ಯಕ್ಕೆ ವ್ಯತ್ಯಾಸವಿದೆ. ಖಾತೆಯ ಒಪ್ಪಂದದಲ್ಲಿ ಇನ್ನೂ ಕಡಿಮೆ ಇರಬಹುದು, ಕೋರ್ಟಿಗೆ ಬದಲು ಆರ್ಬಿಟ್ರೇಶನ್, ಅಂದರೆ ಖಾಸಗಿ ಮಧ್ಯಸ್ಥರ ತೀರ್ಪು, ಅಂತಲೂ ಇರಬಹುದು. ಸಣ್ಣ ಮೊತ್ತಕ್ಕೆ ಸ್ಮಾಲ್ ಕ್ಲೇಮ್ಸ್ ಕೋರ್ಟ್ ಇದೆ. ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ವ್ಯಕ್ತಿಗೆ 12,500 ಡಾಲರ್, ಟೆಕ್ಸಾಸ್‌ನಲ್ಲಿ 20,000 ಡಾಲರ್‌ವರೆಗೆ ಅಲ್ಲಿ ಕೇಳಬಹುದು. ವಕೀಲರಿಲ್ಲದೆ ನೀವೇ ವಾದಿಸಬಹುದು.

ನಿಮ್ಮ ಮೇಲೆಯೇ ಅನುಮಾನ ಬಂದರೆ

ಕೆಲವೊಮ್ಮೆ ಬ್ಯಾಂಕ್ ಪೊಲೀಸರನ್ನು ಕರೆಯುತ್ತದೆ. ನಕಲಿ ಚೆಕ್ ಹಾಕಿದ್ದು ಅಪರಾಧವಾಗಬೇಕಾದರೆ ನಿಮಗೆ ಅದು ನಕಲಿ ಅಂತ ಗೊತ್ತಿರಬೇಕು, ಮೋಸದ ಉದ್ದೇಶವಿರಬೇಕು. ಗೊತ್ತಿಲ್ಲದೆ ಹಾಕಿದ್ದು ಅಪರಾಧವಲ್ಲ. ಆದರೆ ಅದನ್ನು ಪೊಲೀಸರ ಎದುರು ಗಾಬರಿಯಲ್ಲಿ ಸಾಬೀತು ಮಾಡಲು ಹೋಗಬೇಡಿ. ನೀವಾಗಿ ದೂರು ಕೊಡುವುದು ಬೇರೆ, ಅವರು ನಿಮ್ಮನ್ನು ಆರೋಪಿಯಂತೆ ಪ್ರಶ್ನಿಸುವುದು ಬೇರೆ. ಎರಡನೆಯದು ಶುರುವಾಯಿತು ಅನ್ನಿಸಿದರೆ, ವಕೀಲರು ಬಂದ ಮೇಲೆ ಮಾತಾಡುತ್ತೇನೆ ಅಂತ ಮರ್ಯಾದೆಯಿಂದ ಹೇಳಿ ಸುಮ್ಮನಾಗಿ. ಅದು ಸಂವಿಧಾನ ಕೊಟ್ಟ ಹಕ್ಕು, ವೀಸಾದಲ್ಲಿರುವವರಿಗೂ ಇದೆ.

ಎಫ್-1, ಎಚ್-1ಬಿ ವೀಸಾದಲ್ಲಿರುವವರು ಇದನ್ನು ಎರಡು ಸಲ ಓದಿ. ವಂಚನೆಯ ಕೇಸಿನಲ್ಲಿ ಸಣ್ಣದಕ್ಕೆ ತಪ್ಪೊಪ್ಪಿಕೊಂಡು ಮುಗಿಸಿಬಿಡೋಣ ಅನ್ನಿಸಬಹುದು. ಅದು ವೀಸಾವನ್ನೇ ಕಳೆಯಬಹುದು. ನಿಮ್ಮ ಕ್ರಿಮಿನಲ್ ವಕೀಲರು ಗಡೀಪಾರಿನ ಅಪಾಯವನ್ನು ನಿಮಗೆ ತಿಳಿಸಲೇಬೇಕು ಅಂತ ಅಮೆರಿಕದ ಸುಪ್ರೀಂ ಕೋರ್ಟ್ 2010ರಲ್ಲಿ ಪಡಿಲ್ಲಾ ಕೇಸಿನಲ್ಲಿ ಹೇಳಿದೆ. ಕೇಳಿ ತಿಳಿದುಕೊಳ್ಳದೆ ಸಹಿ ಹಾಕಬೇಡಿ. ಇನ್ನು, ಮೋಸ ಶುರುವಾದದ್ದೇ ಒಂದು ಪಾರ್ಟ್ ಟೈಮ್ ಕೆಲಸದಿಂದ ಅಂದರೆ, ಎಫ್-1 ವಿದ್ಯಾರ್ಥಿಗೆ ಅನುಮತಿಯಿಲ್ಲದೆ ಹೊರಗೆ ಕೆಲಸ ಮಾಡುವುದು ನಿಯಮದ ಉಲ್ಲಂಘನೆ. ಈ ಭಯದಿಂದಲೇ ಎಷ್ಟೋ ಹುಡುಗರು ದೂರನ್ನೇ ಕೊಡುವುದಿಲ್ಲ. ಬ್ಯಾಂಕಿಗೆ ಇವತ್ತೇ ತಿಳಿಸಿ, ಅದಕ್ಕೆ ವಕೀಲರಿಗಾಗಿ ಕಾಯಬೇಡಿ. ಆದರೆ ಕೆಲಸದ ಬಗ್ಗೆ ವಿವರವಾಗಿ ಬರೆದುಕೊಡುವ ಮೊದಲು ಒಬ್ಬ ಇಮಿಗ್ರೇಶನ್ ವಕೀಲರ ಹತ್ತಿರ ಅರ್ಧ ಗಂಟೆ ಮಾತಾಡಿ. ಸುಳ್ಳನ್ನು ಮಾತ್ರ ಎಲ್ಲೂ ಬರೆಯಬೇಡಿ.

ಬಾಕಿ, ವಸೂಲಿಯವರು, ಚೆಕ್ಸ್‌ಸಿಸ್ಟಮ್ಸ್

ಬಾಕಿ ಕಟ್ಟದಿದ್ದರೆ ಬ್ಯಾಂಕ್ ಖಾತೆ ಮುಚ್ಚಿ, ಸಾಲವನ್ನು ವಸೂಲಿ ಕಂಪನಿಗೆ ಕೊಡಬಹುದು. ವಸೂಲಿಯವರಿಂದ ಮೊದಲ ಪತ್ರ ಬಂದ 30 ದಿನದೊಳಗೆ, ಈ ಸಾಲಕ್ಕೆ ಪುರಾವೆ ಕೊಡಿ ಅಂತ ಲಿಖಿತವಾಗಿ ಕೇಳಿ. ಕೊಡುವವರೆಗೆ ಅವರು ವಸೂಲಿ ನಿಲ್ಲಿಸಬೇಕು. ಕೋರ್ಟಿನಿಂದ ಸಮನ್ಸ್ ಬಂದರೆ ಅದರಲ್ಲಿರುವ ಗಡುವಿನೊಳಗೆ ಉತ್ತರ ಹಾಕಲೇಬೇಕು. ಹಾಕದಿದ್ದರೆ ನಿಮ್ಮ ಮಾತು ಕೇಳದೆಯೇ ತೀರ್ಪು ಬರುತ್ತದೆ, ಸಂಬಳಕ್ಕೇ ಕೈ ಹಾಕಬಹುದು. ಮಧ್ಯರಾತ್ರಿಯ ಗಡುವಿನ ವಾದ ಇಲ್ಲಿಯೂ ಕೆಲಸಕ್ಕೆ ಬರುತ್ತದೆ, ಈ ಸಲ ನಿಮ್ಮ ರಕ್ಷಣೆಯಾಗಿ.

ಬ್ಯಾಂಕುಗಳು ಗ್ರಾಹಕರ ಖಾತೆಯ ಇತಿಹಾಸವನ್ನು ಚೆಕ್ಸ್‌ಸಿಸ್ಟಮ್ಸ್, ಅರ್ಲಿ ವಾರ್ನಿಂಗ್ ಸರ್ವಿಸಸ್ ಎಂಬ ಕಂಪನಿಗಳಿಗೆ ಕಳಿಸುತ್ತವೆ. ಚೆಕ್ಸ್‌ಸಿಸ್ಟಮ್ಸ್‌ನಲ್ಲಿ ಆ ಕಪ್ಪುಚುಕ್ಕೆ ಐದು ವರ್ಷ ಇರಬಹುದು. ಅಷ್ಟರವರೆಗೆ ಬೇರೆ ಬ್ಯಾಂಕಿನಲ್ಲಿ ಖಾತೆ ಸಿಗುವುದು ಕಷ್ಟ. ಈ ಎರಡೂ ಕಡೆಯಿಂದ ವರ್ಷಕ್ಕೊಮ್ಮೆ ನಿಮ್ಮ ವರದಿಯನ್ನು ಉಚಿತವಾಗಿ ತರಿಸಿಕೊಳ್ಳಬಹುದು. ನೀವೇ ವಂಚಕರು ಅಂತ ಬರೆದಿದ್ದರೆ ಪೊಲೀಸ್ ರಿಪೋರ್ಟ್, ಎಫ್‌ಟಿಸಿ ದೂರು ಸೇರಿಸಿ ಆಕ್ಷೇಪ ಹಾಕಿ. ಫೇರ್ ಕ್ರೆಡಿಟ್ ರಿಪೋರ್ಟಿಂಗ್ ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ 30 ದಿನದೊಳಗೆ ಅವರು ತನಿಖೆ ಮಾಡಬೇಕು. ಬಾಕಿ ಕಟ್ಟಿ ಮುಗಿಸಿದರೆ, ಕಟ್ಟಿದ್ದಾರೆ ಅಂತ ವರದಿಯಲ್ಲಿ ತಿದ್ದಿಸುವ ಪತ್ರವನ್ನು ಬ್ಯಾಂಕಿನಿಂದ ಮರೆಯದೆ ಪಡೆಯಿರಿ.

ವಕೀಲರು ಎಲ್ಲಿ ಸಿಗುತ್ತಾರೆ

ವಿದ್ಯಾರ್ಥಿಯಾಗಿದ್ದರೆ ಮೊದಲು ವಿಶ್ವವಿದ್ಯಾಲಯದ ಸ್ಟೂಡೆಂಟ್ ಲೀಗಲ್ ಸರ್ವಿಸಸ್ ಇದೆಯಾ ನೋಡಿ. ಅನೇಕ ಕಡೆ ಉಚಿತ, ಬೇಗ ಸಿಗುತ್ತಾರೆ. ಫೆಡರಲ್ ನೆರವಿನಿಂದ ನಡೆಯುವ ಲೀಗಲ್ ಏಡ್ ಕಚೇರಿಗಳು ಎಫ್-1, ಎಚ್-1ಬಿ ಇರುವವರನ್ನು ಸಾಮಾನ್ಯವಾಗಿ ತೆಗೆದುಕೊಳ್ಳುವಂತಿಲ್ಲ. ಅಲ್ಲಿ ಇಲ್ಲ ಅಂದರೆ ಬೇಸರ ಬೇಡ. ಲಾ ಸ್ಕೂಲ್ ಕ್ಲಿನಿಕ್‌ಗಳನ್ನು, ರಾಜ್ಯದ ಬಾರ್ ಅಸೋಸಿಯೇಶನ್ನಿನ ರೆಫರಲ್ ಸೇವೆಯನ್ನು ಕೇಳಿ. ಎರಡು ಸಾವಿರ ಡಾಲರಿಗೆ ಪೂರ್ತಿ ಕೇಸು ನಡೆಸಿದರೆ ಫೀಸೇ ಜಾಸ್ತಿ ಆಗುತ್ತದೆ. ಒಂದು ಗಂಟೆಯ ಸಲಹೆ ಮತ್ತು ಬ್ಯಾಂಕಿಗೆ ಒಂದು ಪತ್ರ, ಇಷ್ಟಕ್ಕೆ ಮಾತ್ರ ಫೀಸು ಕೊಡಬಹುದು.

ತೆರಿಗೆಯ ಬಗ್ಗೆ ಒಂದೇ ಮಾತು. 2018ರಿಂದ ಇಂಥ ವೈಯಕ್ತಿಕ ನಷ್ಟವನ್ನು ತೆರಿಗೆಯಲ್ಲಿ ಕಳೆಯುವುದು ಬಹುತೇಕ ನಿಂತಿದೆ. ಆದರೆ ಲಾಭಕ್ಕಾಗಿ ಮಾಡಿದ ವ್ಯವಹಾರದಲ್ಲಿ ಕಳ್ಳತನವಾದರೆ ನಿಯಮ ಬೇರೆ. ತೆರಿಗೆ ಸಲಹೆಗಾರರಿಗೆ ಪೂರ್ತಿ ಕಥೆ ಹೇಳಿ.

ಮೋಸಗಾರ ಸಿಕ್ಕಿಬಿದ್ದರೆ

ಹೆಚ್ಚಿನವರು ಹೊರದೇಶದಲ್ಲಿರುತ್ತಾರೆ. ಆದರೂ ಇಲ್ಲಿ ಅವರಿಗೆ ದುಡ್ಡು ದಾಟಿಸಿಕೊಡುವವರು ಸಿಕ್ಕಿಬೀಳುವುದುಂಟು. ಫೆಡರಲ್ ಕಾನೂನಿನಲ್ಲಿ ಅಂಚೆ ವಂಚನೆಗೆ, ವೈರ್ ವಂಚನೆಗೆ 20 ವರ್ಷದವರೆಗೆ, ಬ್ಯಾಂಕ್ ವಂಚನೆಗೆ 30 ವರ್ಷದವರೆಗೆ ಜೈಲು. ಶಿಕ್ಷೆಯ ಜೊತೆಗೆ ಮೋಸ ಹೋದವರಿಗೆ ನಷ್ಟ ಕಟ್ಟಿಕೊಡಬೇಕು ಅಂತ 1996ರ ಕಾಯ್ದೆಯ ಕೆಳಗೆ ಕೋರ್ಟ್ ಆದೇಶಿಸಬೇಕು. 2004ರ ಇನ್ನೊಂದು ಕಾಯ್ದೆ ಕೇಸಿನ ಮಾಹಿತಿ ಪಡೆಯುವ, ಶಿಕ್ಷೆಯ ದಿನ ಕೋರ್ಟಿನಲ್ಲಿ ಮಾತಾಡುವ ಹಕ್ಕನ್ನು ನಿಮಗೆ ಕೊಡುತ್ತದೆ. ಕೇಸಿನಲ್ಲಿ ನಿಮ್ಮ ಹೆಸರು ಸೇರಿದ್ದರೆ ನ್ಯಾಯ ಇಲಾಖೆಯ ವಿಕ್ಟಿಮ್ ನೋಟಿಫಿಕೇಶನ್ ವ್ಯವಸ್ಥೆಯಿಂದ ಪತ್ರ ಬರುತ್ತದೆ. ಮನೆ ಬದಲಿಸಿದಾಗ ಅಲ್ಲಿ ವಿಳಾಸ ಬದಲಿಸಿ. ನಷ್ಟದ ಫಾರ್ಮ್ ಬಂದರೆ ರಸೀದಿ ಲಗತ್ತಿಸಿ ಗಡುವಿನೊಳಗೆ ಕಳಿಸಿ.

ಇದೇ ಹೊತ್ತಿಗೆ ಇನ್ನೊಂದು ಕರೆಯೂ ಬರಬಹುದು. ನಿಮ್ಮ ದುಡ್ಡು ಸಿಕ್ಕಿದೆ, ಬಿಡಿಸಿಕೊಳ್ಳಲು ಮೊದಲು 300 ಡಾಲರ್ ಫೀಸು ಕಟ್ಟಿ ಅಂತ. ಒಮ್ಮೆ ಮೋಸ ಹೋದವರ ಪಟ್ಟಿಯನ್ನು ಇವರು ತಮ್ಮೊಳಗೇ ಮಾರಿಕೊಳ್ಳುತ್ತಾರೆ. ಎಫ್‌ಟಿಸಿಯಾಗಲಿ, ಎಫ್‌ಬಿಐ ಆಗಲಿ, ಕೋರ್ಟಾಗಲಿ ನಿಮ್ಮ ದುಡ್ಡು ವಾಪಸ್ ಕೊಡಲು ಫೀಸು ಕೇಳುವುದಿಲ್ಲ. ಫೋನ್ ಇಡಿ. ಆ ನಂಬರನ್ನು ನಿಮ್ಮ ಹಳೆಯ ದೂರಿನ ನಂಬರ್ ಜೊತೆ ಸೇರಿಸಿ ಎಫ್‌ಟಿಸಿಗೆ ಕಳಿಸಿ.